ಜಕರಂಡದ ನೆರಳು: ಸೊಪ್ಪಿನ ಸಾರು, ಗೊಜ್ಜು, ಆಮೇಲೆ ಬಣ್ಣ

ಕಬ್ಬನ್ ಪಾರ್ಕಿನ ಜಕರಂಡ ಕ್ಯಾನ್ವಾಸಿನಲ್ಲಿ ಆಕಾಶ, ಕಾಂಡ, ಬಿಸಿಲು ಬಿದ್ದ ಗೊಂಚಲು ಮುಗಿದಿವೆ. ಅಕ್ರಿಲಿಕ್‌ನ ಮಾಮೂಲಿ ಕೆಲಸ, ಅದರ ಮಾತು ಬೇಡ. ಎರಡು ವಾರ ತಿಂದು ಹಾಕಿದ್ದು ಗೊಂಚಲಿನ ಒಳಗಿನ ಮಂಕು ನೇರಳೆ. (ಕಪ್ಪು ಬೆರೆಸಿ ಮಂಕು ಮಾಡುವವರು ಇಲ್ಲೇ ಇಳಿದುಕೊಳ್ಳಬಹುದು.)

ಮೂಲ ಮಿಶ್ರಣ: ನೀಲಿಗೆ ಅಲ್ಟ್ರಾಮರೀನ್ ಪಿಬಿ 29 ಎರಡು ಮಿ.ಲೀ., ಗುಲಾಬಿಗೆ ಕ್ವಿನಾಕ್ರಿಡೋನ್ ರೋಸ್ ಪಿವಿ 19 ಅರ್ಧ ಮಿ.ಲೀ. (ಪಿಬಿ, ಪಿವಿ ಎಂಬವು ಟ್ಯೂಬಿನ ಮೇಲಿನ ಪಿಗ್ಮೆಂಟ್ ನಂಬರ್, ಅಂದರೆ ಒಳಗಿರುವ ಬಣ್ಣದ ಪುಡಿಯ ಗುರುತು.) ಅಳತೆಗೆ ಮೆಡಿಕಲ್ ಶಾಪಿನ ಸೂಜಿಯಿಲ್ಲದ ಸಿರಿಂಜು. ಕ್ಯಾಡ್ಮಿಯಂ ರೆಡ್ ಹಾಕಿದರೆ ಅದರ ಕಿತ್ತಳೆ ಛಾಯೆ ಮೊದಲ ಹೆಜ್ಜೆಯಲ್ಲೇ ನೇರಳೆಯನ್ನು ಕಂದು ಮಾಡಿಬಿಡುತ್ತದೆ.

ಬಣ್ಣ ಮಂಕಾಗಲು ವರ್ಣಚಕ್ರದಲ್ಲಿ ಅದರ ಎದುರಿರುವ ಬಣ್ಣ ಬೆರೆಸಬೇಕು. ನೇರಳೆಗೆ ಎದುರು ಹಳದಿ ಎಂದು ಚಕ್ರ ನೋಡಿ ಲೆಮನ್ ಯೆಲ್ಲೋ ಪಿವೈ 3 ಹಾಕಿದಾಗ ಬಂದದ್ದು ಮೂರು ದಿನದ ಸೊಪ್ಪಿನ ಸಾರು. ಆ ಹಳದಿ ಹಸಿರಿನ ಕಡೆ ವಾಲಿದೆ. ಅಲ್ಟ್ರಾಮರೀನ್ ಸಿಕ್ಕಿದ್ದೇ ತಡ, ಹಸಿರಾಯಿತು. ಡೀಪ್ ಯೆಲ್ಲೋ ಪಿವೈ 83ರದು ಇನ್ನೊಂದು ರಗಳೆ. ಅದರ ಬಣ್ಣದ ಬಲ ವಿಪರೀತ, ಚೂರು ಹೆಚ್ಚಾದರೂ ಹುಣಸೆ ಗೊಜ್ಜು.

ತಪ್ಪು ಚಕ್ರದ್ದಲ್ಲ, ಅದನ್ನು ಓದಿದ ರೀತಿಯದ್ದು. ಜಕರಂಡ ಬರೀ ನೇರಳೆಯಲ್ಲ, ನೀಲಿ ನೇರಳೆ. ಹನ್ನೆರಡು ಮನೆಯ ಚಕ್ರದಲ್ಲಿ ಅದರ ಎದುರು ಮನೆ ಕಿತ್ತಳೆ ಹಳದಿ. ಅದೇ ಮನೆಯ ಮೆತ್ತನೆಯ ಸದಸ್ಯ ಯೆಲ್ಲೋ ಓಕರ್, ಪಿವೈ 43. ಬಲ ಕಡಿಮೆ, ಆದ್ದರಿಂದ ಕೈಗೆ ಸಿಗುತ್ತದೆ. 0.1 ಮಿ.ಲೀ.ನಂತೆ ಸೇರಿಸುತ್ತಾ ಹೋದರೆ 1.2ರ ಹೊತ್ತಿಗೆ ನೇರಳೆ ಪೂರ್ತಿ ಸತ್ತು ಬೂದು ಉಳಿಯಿತು. ಕಂಪನಿ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಗಾಢ ಮಿಶ್ರಣಗಳೆಲ್ಲ ಕಣ್ಣಿಗೆ ಒಂದೇ ಕಪ್ಪು, ಹಾಗಾಗಿ ಪ್ರತಿ ಹಂತದಲ್ಲೂ ಮೆಣಸಿನಕಾಳಷ್ಟು ತೆಗೆದು ಟೈಟೇನಿಯಂ ವೈಟ್‌ನಲ್ಲಿ ಎಳೆದು ನೋಡಬೇಕು. ಒಣಗಿಸಿ ನೋಡಬೇಕು, ಹಸಿಯಲ್ಲಲ್ಲ: ಅಕ್ರಿಲಿಕ್ ಅಂಟು ಹಸಿಯಿದ್ದಾಗ ಹಾಲಿನಂತಿರುತ್ತದೆ, ಒಣಗಿ ತಿಳಿಯಾದಾಗ ಬಣ್ಣ ಸ್ವಲ್ಪ ಗಾಢ. ಹೇರ್ ಡ್ರೈಯರ್ ಇದ್ದರೆ ಎರಡು ನಿಮಿಷದ ಕೆಲಸ.

ಅಂಗಡಿಯ ಕಥೆ ಬೇರೆ. ಟ್ಯೂಬಿನ ಮೇಲೆ ‘ವಯಲೆಟ್’ ಎಂದಿದೆ, ಪಿಗ್ಮೆಂಟ್ ನಂಬರ್ ಇಲ್ಲ. ಕೇಳಿದರೆ ‘ಎಲ್ಲಾ ಸೇಮ್ ಸಾರ್’. ಒಳಗೆ ಬಿಳಿಯೂ ಸೇರಿದ್ದರೆ ನೆರಳೆಲ್ಲ ಸೀಮೆಸುಣ್ಣ. ‘ಓಕರ್ ಹ್ಯೂ’ ಅಂದರೂ ಹಾಗೇ: ಬದಲಿ ಪಿಗ್ಮೆಂಟುಗಳ ಮಿಶ್ರಣ.

ಬೂದು ಸಿಕ್ಕಿತು, ಸರಿ. ಕ್ಯಾನ್ವಾಸಿಗೆ ಹಚ್ಚಿದರೆ ಕೊಳಕು ಹಳದಿ! ಬಿಳಿ ರಟ್ಟಿಗೆ ತೂತು ಕೊರೆದು ಅದರೊಳಗಿಂದ ನೋಡಿದರೆ ಅದೇ ತಣ್ಣನೆ ಬೂದು. ಪಕ್ಕದ ನೇರಳೆಯೇ ಕಣ್ಣಿಗೆ ಮೋಸ ಮಾಡುತ್ತಿತ್ತು. ಪ್ಯಾರಿಸ್ಸಿನ ಗಾಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಷವ್ರೆಲ್ 1839ರಲ್ಲೇ ಬರೆದಿಟ್ಟ ಸಂಗತಿ ಇದು: ಅಕ್ಕಪಕ್ಕದ ಬಣ್ಣಗಳು ಒಂದಕ್ಕೊಂದು ತಮ್ಮ ಎದುರು ಬಣ್ಣ ಬಳಿಯುತ್ತವೆ. ಹಾಗಾಗಿ ಪೂರ್ತಿ ಕೊಲ್ಲಬಾರದು. ಓಕರ್ 0.5ಕ್ಕೆ ನಿಲ್ಲಿಸಿದಾಗ ಪ್ಯಾಲೆಟ್ ಮೇಲೆ ‘ಇನ್ನೂ ನೇರಳೆ ಜಾಸ್ತಿ’ ಅನ್ನಿಸಿದ್ದು, ಗೊಂಚಲಿನೊಳಗೆ ಹೋಗಿ ಸರಿಯಾದ ನೆರಳಾಗಿ ಕೂತಿತು.

ಮುಂದಿನದು ಗುಲಾಬಿ ಟಬೂಬಿಯಾ. ಅದರ ನೆರಳಿಗೆ ಪಿವಿ 19ಕ್ಕೆ ಥೇಲೋ ಗ್ರೀನ್ ಪಿಜಿ 7. ಇವೆರಡೂ ಸೇರಿದರೆ ಟ್ಯೂಬಿನ ಕಪ್ಪನ್ನು ನಾಚಿಸುವ ಕಪ್ಪು. ಆದರೆ ಪಿಜಿ 7 ರಾಕ್ಷಸ ಬಲದ್ದು, ಹಲ್ಲುಕಡ್ಡಿಯ ತುದಿಯಿಂದ ಹಾಕಬೇಕು. ಜಕರಂಡದ ಕೆಳಗಿನ ಎರಡು ಕೊಂಬೆ ಇನ್ನೂ ಬಾಕಿ. ಮಿಶ್ರಣ ಒದ್ದೆ ಟಿಶ್ಯೂ ಹಾಸಿದ ಸ್ವೀಟ್ ಡಬ್ಬಿಯಲ್ಲಿದೆ.