ನೀನೊಬ್ಬಳು ಸೈಕಲ್ ತುಳಿದರೆ ಭೂಮಿ ತಣ್ಣಗಾಗುತ್ತದೆಯೇ?

ಈ ಪ್ರಶ್ನೆಯನ್ನು ಬಿಸಿಲಿನ ದಿನಗಳಲ್ಲಿ ಯಾರೂ ಕೇಳುವುದಿಲ್ಲ. ಮಳೆಗಾಲದ ಸಂಜೆ, ಮೈಯಿಂದ ನೀರು ಸೋರಿಸಿಕೊಂಡು ಅಪಾರ್ಟ್‌ಮೆಂಟಿನ ಲಿಫ್ಟ್ ಮುಂದೆ ನಿಂತಿರುವಾಗಲೇ ಕೇಳುತ್ತಾರೆ. ಮೂರನೇ ಮಹಡಿಯ ಹಿರಿಯರದು ನೇರ ಮಾತು: “ಏನಮ್ಮಾ, ಇವತ್ತೂ ನೆನೆದೆಯಾ? ಅಲ್ಲ, ನೀನೊಬ್ಬಳು ಸೈಕಲ್ ತುಳಿದುಬಿಟ್ಟರೆ ಭೂಮಿ ತಣ್ಣಗಾಗುತ್ತದೆಯೇ?” ಕಚೇರಿಯ ಹುಡುಗರು ಇದನ್ನೇ ಸ್ವಲ್ಪ ಮರ್ಯಾದೆ ಸೇರಿಸಿ ಕೇಳುತ್ತಾರೆ. ತೀರ್ಥಹಳ್ಳಿಯಿಂದ ಫೋನ್ ಮಾಡುವ ಅಮ್ಮನಿಗೆ ಭೂಮಿಯ ಚಿಂತೆಯಿಲ್ಲ, ನನ್ನ ನೆಗಡಿಯದಷ್ಟೇ.

ಲಿಫ್ಟ್ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಚಿಕ್ಕ ಉತ್ತರ: ಇಲ್ಲ, ತಣ್ಣಗಾಗುವುದಿಲ್ಲ. ಲೆಕ್ಕ ಹಾಕಿ ನೋಡಿದ್ದೇನೆ. ಬನಶಂಕರಿ ಎರಡನೇ ಹಂತದಿಂದ ಕೋರಮಂಗಲದ ಕಚೇರಿಗೆ ಹೋಗಿ ಬಂದರೆ ಸುಮಾರು ಇಪ್ಪತ್ತು ಕಿಲೋಮೀಟರ್. ಸ್ಕೂಟರಿನಲ್ಲಿ ಹೋದರೆ ಅರ್ಧ ಲೀಟರಿಗಿಂತ ತುಸು ಕಡಿಮೆ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ನಾನು ದಿನಕ್ಕೆ ಉಳಿಸುವುದು ಒಂದು ಕಿಲೋ. ರಜೆ, ಜ್ವರ, ಸೋಮಾರಿತನ ಎಲ್ಲ ಕಳೆದು ವರ್ಷಕ್ಕೆ ಇನ್ನೂರು ಚಿಲ್ಲರೆ ಕಿಲೋ. ಕಳೆದ ವರ್ಷ ಅಕ್ಕನ ಮಗಳ ಮದುವೆಗೆಂದು ದೆಹಲಿಗೆ ವಿಮಾನದಲ್ಲಿ ಹೋಗಿ ಬಂದೆ. ಇಡೀ ವರ್ಷ ನೆನೆದು ಉಳಿಸಿದ್ದನ್ನು ಎರಡು ದಿನದಲ್ಲಿ, ಕಿಟಕಿ ಪಕ್ಕ ಕುಳಿತು, ಉಪ್ಪಿಟ್ಟು ತಿನ್ನುತ್ತಾ ಖರ್ಚು ಮಾಡಿಬಿಟ್ಟೆ. ಇಷ್ಟು ತಿಳಿದ ಮೇಲೂ ಸೈಕಲ್ ತುಳಿದು ಲೋಕೋದ್ಧಾರ ಮಾಡುತ್ತಿದ್ದೇನೆಂದು ಎದೆ ಸೆಟೆಸಿ ಓಡಾಡಿದರೆ ನಗೆಪಾಟಲು.

ಹಾಗಾದರೆ ಮಳೆಯಲ್ಲಿ ಯಾಕೆ ಸಾಯುತ್ತೀಯಾ ಎಂಬುದು ಮುಂದಿನ ಪ್ರಶ್ನೆ. ಮಳೆಯನ್ನು ಕಂಡರೆ ನನಗೆ ರಮ್ಯ ಭಾವನೆ ಏನೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ರೇನ್‌ಕೋಟ್ ಹಾಕಿದರೆ ಹೊರಗಿನ ನೀರು ತಪ್ಪಿ ಒಳಗಿನ ಬೆವರಿನಲ್ಲಿ ತೊಯ್ಯುತ್ತೇನೆ. ರಾತ್ರಿ ಬೂಟಿನೊಳಗೆ ತುರುಕಿದ ಹಳೆಯ ಪತ್ರಿಕೆ ಬೆಳಿಗ್ಗೆಗೆ ಹಿಟ್ಟಾಗಿರುತ್ತದೆ. ಜೀಬ್ರಾ ಪಟ್ಟೆಯ ಬಿಳಿ ಬಣ್ಣ, ಮೇಲ್ಸೇತುವೆಯ ಕೀಲಿನ ಕಬ್ಬಿಣ, ಮ್ಯಾನ್‌ಹೋಲಿನ ಮುಚ್ಚಳ, ಮೂರೂ ನೆನೆದರೆ ಸಾಬೂನು. ಮುಚ್ಚಳವೇ ಇಲ್ಲದ ಮ್ಯಾನ್‌ಹೋಲಿನ ಮೇಲೆ ನೀರು ನಿಂತಿದ್ದರೆ ದೇವರೇ ಗತಿ; ತಳ ಕಾಣದ ನೀರಿಗೆ ಚಕ್ರ ಇಳಿಸಬಾರದೆಂಬುದು ನಾನು ಒಮ್ಮೆ ಮೊಣಕಾಲು ಕೊಟ್ಟು ಕಲಿತ ಪಾಠ.

ಮನೆಗೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಬೆಂಗಳೂರಿನ ರಸ್ತೆಯ ನೀರೆಂದರೆ ಮರಳು, ಸಿಮೆಂಟು, ಡೀಸೆಲ್ ಕಲಸಿದ ಬೂದು ಗಂಜಿ. ಅದು ಬ್ರೇಕ್ ಶೂಗೂ ಚಕ್ರದ ರಿಮ್ಮಿಗೂ ನಡುವೆ ಕುಳಿತು, ಬ್ರೇಕ್ ಹಿಡಿದಾಗಲೆಲ್ಲ ಕರಕರ ಎಂದು ರಿಮ್ಮನ್ನು ತಿನ್ನುತ್ತದೆ. ಚೈನಿನ ಒಂದೊಂದು ಕೊಂಡಿಯೊಳಗೂ ಸೇರಿಕೊಳ್ಳುತ್ತದೆ. ಮೊದಲ ವರ್ಷ ನಾನು ಜಾಣತನ ತೋರಿಸಿ, ನೆನೆದ ಚೈನಿಗೆ ಹಾಗೆಯೇ ಎಣ್ಣೆ ಬಿಡುತ್ತಿದ್ದೆ. ನಮ್ಮ ರಸ್ತೆಯ ಸೈಕಲ್ ಶಾಪಿನವರು ಆ ಚೈನನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿ ನೋಡಿ, “ಮೇಡಂ, ಇದು ಚೈನಿಗೆ ಹಾಕಿದ ಎಣ್ಣೆಯಲ್ಲ, ಮಣ್ಣಿಗೆ ಹಾಕಿದ ಒಗ್ಗರಣೆ” ಎಂದರು. ಈಗ ಹಳೆಯ ಬನಿಯನ್ನಿನ ತುಂಡಿನಲ್ಲಿ ಚೈನನ್ನು ಹಿಡಿದು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ, ಬಟ್ಟೆಗೆ ಕಪ್ಪು ಹತ್ತುವುದು ಕಡಿಮೆಯಾಗುವವರೆಗೆ ಒರೆಸಿ, ಒಣಗಲು ಬಿಟ್ಟು, ಆಮೇಲೆ ಕೊಂಡಿಗೊಂದು ಹನಿ. ಹದಿನೈದು ನಿಮಿಷದ ಕೆಲಸ. ವಾರಗಟ್ಟಲೆ ಜಡಿಮಳೆ ಹಿಡಿದರೆ ದಿನಾ ಹದಿನೈದು ನಿಮಿಷ. ಆಗ ನನ್ನ ಬಾಯಿಂದ ಬರುವ ಮಾತುಗಳು ಅಚ್ಚಿಗೆ ಯೋಗ್ಯವಲ್ಲ.

ನಾನು ಮಳೆಗೆ ಹೊಸಬಳೇನೂ ಅಲ್ಲ. ತೀರ್ಥಹಳ್ಳಿಯ ಕಡೆ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಪುಸ್ತಕಗಳು ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಲಂಗ ಬಚ್ಚಲೊಲೆಯ ಮೇಲಿನ ದಾರದಲ್ಲಿ. ಒಣಗಿದ ಬಟ್ಟೆಗೆ ಹೊಗೆಯ ವಾಸನೆ, ಒಣಗದ್ದಕ್ಕೆ ಮುಗ್ಗಲು ವಾಸನೆ. ಇಡೀ ತರಗತಿಗೆ ಇವೆರಡೇ ವಾಸನೆ. ಅಜ್ಜ “ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ” ಎನ್ನುತ್ತಾ ಜಗುಲಿಯಲ್ಲಿ ಕುಳಿತು ಮಳೆಯನ್ನು ನೆಂಟನಂತೆ ಕಾಯುತ್ತಿದ್ದರು. ಆ ಮಳೆಗೆ ಒಂದು ಹೆಸರಿತ್ತು, ಬರುವ ದಿನವಿತ್ತು, ಹೋಗುವ ದಿನವಿತ್ತು. ಎಷ್ಟು ಸುರಿದರೂ ಅದು ಇಂತಹ ಮಳೆ ಎಂದು ಗುರುತು ಹಿಡಿಯಬಹುದಿತ್ತು.

ಈಗ ಬೆಂಗಳೂರಿನ ಮಳೆಯನ್ನು ಯಾವ ನಕ್ಷತ್ರಕ್ಕೆ ಸೇರಿಸುವುದು? 2017ರಲ್ಲಿ 1,696 ಮಿಲಿಮೀಟರ್ ಸುರಿದಾಗ ಅದೇ ದಾಖಲೆ ಎಂದುಕೊಂಡಿದ್ದೆವು. 2022 ಅದನ್ನೂ ಮೀರಿಸಿತು. ಮರುವರ್ಷ ಬರ. 2024ರ ಮಾರ್ಚಿನಲ್ಲಿ ನಮ್ಮ ರಸ್ತೆಯಲ್ಲಿ ನನ್ನ ಸೈಕಲ್ಲಿಗಿಂತ ನೀರಿನ ಟ್ಯಾಂಕರುಗಳೇ ಹೆಚ್ಚು ಓಡಾಡಿದವು. ಅದೇ ವರ್ಷದ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು, ಜೂನ್ ತಿಂಗಳ ಒಂದು ದಿನಕ್ಕೆ 133 ವರ್ಷಗಳಲ್ಲೇ ಹೆಚ್ಚು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿಳಿಯಿತು, ವಾಡಿಕೆಗಿಂತ ಎಂಟು ದಿನ ಮೊದಲು. ಅದಕ್ಕೂ ಮುಂಚೆಯೇ ಮೇ ನಡುವಿನ ಒಂದು ರಾತ್ರಿ ನೂರು ಮಿಲಿಮೀಟರ್ ದಾಟಿದ ಮಳೆಗೆ ಊರು ಮುಳುಗೆದ್ದಿತ್ತು.

ಇದರ ಹಿಂದಿನ ಭೌತಶಾಸ್ತ್ರ ಸರಳ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳುವ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಜೋಳಿಗೆ ದೊಡ್ಡದಾಗಿದೆ, ತುಂಬಲು ಹೆಚ್ಚು ದಿನ, ಸುರಿಯುವಾಗ ಒಮ್ಮೆಗೇ. ಮಧ್ಯ ಭಾರತದ 1950ರಿಂದ 2015ರವರೆಗಿನ ಮಳೆಯ ಲೆಕ್ಕ ಜಾಲಾಡಿದ ವಿಜ್ಞಾನಿಗಳು, ಅಲ್ಲಿ ವಿಸ್ತಾರ ಪ್ರದೇಶಕ್ಕೆ ಒಮ್ಮೆಗೇ ಸುರಿಯುವ ಅತಿವೃಷ್ಟಿ ಮೂರು ಪಟ್ಟಾಗಿದೆ ಎಂದು 2017ರಲ್ಲಿ ಬರೆದರು. ಅರಬ್ಬೀ ಸಮುದ್ರದಿಂದ ಬರುವ ತೇವವೇ ಅದಕ್ಕೆ ಕಾರಣ ಎಂದೂ ತೋರಿಸಿದರು.

ಆದರೆ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವವರನ್ನು ಕಂಡರೂ ನನಗೆ ಆಗುವುದಿಲ್ಲ. 2022ರ ಸೆಪ್ಟೆಂಬರ್ 5ರ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ, ಟೆಕಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರ ದೇಶವೆಲ್ಲ ಓಡಾಡಿತು. ಆ ದಿನ ದಾಖಲಾದದ್ದು 131.6 ಮಿಲಿಮೀಟರ್. 1988ರ ಸೆಪ್ಟೆಂಬರ್ 12ರಂದು ಇದೇ ಊರಿನಲ್ಲಿ 177.6 ಸುರಿದಿತ್ತು. ಆಗ ಆ ನೀರು ಇಳಿಯಲು ಗದ್ದೆಗಳಿದ್ದವು, ಕೆರೆಯಿಂದ ಕೆರೆಗೆ ಕಾಲುವೆಗಳಿದ್ದವು. ಈಗ ಅಲ್ಲಿ ತಳಮಹಡಿಗಳಿವೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಕಾಲಿನಿಂದ ತಿಳಿದದ್ದು. ಕಾರಿನವರಿಗೆ ಬೆಂಗಳೂರು ಚಪ್ಪಟೆ ಊರು. ಸೈಕಲ್ ತುಳಿಯುವವರಿಗೆ ಅದರ ಏರು ತಗ್ಗುಗಳೆಲ್ಲ ತೊಡೆಯಲ್ಲಿ ಬರೆದಿರುತ್ತವೆ. ಬೆಳಿಗ್ಗೆ ಕೋರಮಂಗಲದ ಕಡೆ ಎಲ್ಲೆಲ್ಲಿ ಪೆಡಲ್ ತುಳಿಯದೆ ಸೈಕಲ್ ತಾನಾಗಿ ಇಳಿಯುತ್ತದೋ, ಸಂಜೆ ಮಳೆ ಬಂದಾಗ ಅಲ್ಲೆಲ್ಲ ನೀರೂ ತಾನಾಗಿ ಇಳಿಯುತ್ತಿರುತ್ತದೆ. ಅದು ಕೋರಮಂಗಲ ಕಣಿವೆ. ನೀರು ಬೆಳ್ಳಂದೂರು ಕೆರೆಗೆ ಹೋಗುವ ಹಳೆಯ ದಾರಿ. ಯಾವ ಬಡಾವಣೆಯ ನಕ್ಷೆಯೂ ಅದನ್ನು ಬದಲಾಯಿಸಿಲ್ಲ, ಮರೆತಿದೆ ಅಷ್ಟೇ.

ಇನ್ನು ಅಳಿಲಿನ ವಿಷಯ. ನನ್ನ ಒಂದು ಕಿಲೋದ ಲೆಕ್ಕ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಸಮಾಧಾನ ಮಾಡುತ್ತಾರೆ: “ಇರಲಿ ಬಿಡಿ, ನಿಮ್ಮದು ಅಳಿಲು ಸೇವೆ.” ಮಾತು ಸಿಹಿಯಾಗಿದೆ. ಆದರೆ ಕಥೆಯನ್ನು ಪೂರ್ತಿ ನೆನಪಿಸಿಕೊಳ್ಳಿ. ಅಳಿಲು ಮರಳಿನಲ್ಲಿ ಹೊರಳಿ ಬಂದು ಮೈ ಕೊಡವುತ್ತಿದ್ದಾಗ ಪಕ್ಕದಲ್ಲಿ ಕಪಿಸೇನೆ ಬಂಡೆ ಹೊರುತ್ತಿತ್ತು, ನಳ ನಿಂತು ಕಟ್ಟಿಸುತ್ತಿದ್ದ. ಸೇತುವೆ ಏಳುತ್ತಿದ್ದದ್ದರಿಂದ ಅಳಿಲಿನ ಮರಳಿಗೂ ಒಂದು ಅರ್ಥವಿತ್ತು. ಈಗ ನಡೆದಿರುವುದೇನು? ಬಂಡೆ ಹೊರಬೇಕಾದವರು ದಡದಲ್ಲಿ ಕುಳಿತು, ಅಳಿಲುಗಳನ್ನು ಸಾಲಾಗಿ ನಿಲ್ಲಿಸಿ, ಇವತ್ತು ಎಷ್ಟು ಮರಳು ತಂದೆ ಎಂದು ಲೆಕ್ಕ ಕೇಳುತ್ತಿದ್ದಾರೆ.

ಇದು ಬರಿಯ ಕೊಂಕು ಮಾತಲ್ಲ. ಅವರವರ ಇಂಗಾಲದ ಹೆಜ್ಜೆಗುರುತನ್ನು, ಅಂದರೆ ತಮ್ಮ ಬದುಕಿನಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡಿನ ಲೆಕ್ಕವನ್ನು, ಅವರವರೇ ಅಳೆದುಕೊಳ್ಳಿ ಎಂಬ ಮಾತನ್ನು ಮನೆಮಾತಾಗಿಸಿದ್ದು ಯಾವ ಪರಿಸರವಾದಿಯೂ ಅಲ್ಲ, ಬಿಪಿ ಎಂಬ ತೈಲ ಕಂಪನಿಯ ಜಾಹೀರಾತು. 2004ರಲ್ಲಿ ಅದು ಜನರಿಗೆ ಲೆಕ್ಕ ಹಾಕಿಕೊಳ್ಳಲು ಒಂದು ಕ್ಯಾಲ್ಕುಲೇಟರನ್ನೂ ಕೊಟ್ಟಿತು. ಎಣ್ಣೆ ತೆಗೆದು ಮಾರುವವನು, ಕೊಳ್ಳುವವನ ಕೈಗೆ ತಕ್ಕಡಿ ಕೊಟ್ಟು ಪಾಪ ತೂಗಿಕೋ ಎಂದ ಹಾಗೆ. 2020ರಲ್ಲಿ ಇಡೀ ಜಗತ್ತು ಬಾಗಿಲು ಹಾಕಿಕೊಂಡು ಮನೆಯಲ್ಲಿ ಕುಳಿತಿತ್ತಲ್ಲ, ಆ ವರ್ಷ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ಇಳಿದದ್ದು ಶೇಕಡಾ 5ರಿಂದ 6ರಷ್ಟು ಮಾತ್ರ. ನಾವೆಲ್ಲ ಗಾಡಿ ನಿಲ್ಲಿಸಿದರೂ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಸಿಮೆಂಟು, ಉಕ್ಕು ನಡೆಯುತ್ತಲೇ ಇದ್ದವು. ನನ್ನ ಕಾಲು ಎಷ್ಟು ಗಟ್ಟಿಯಿದ್ದರೂ ಅಲ್ಲಿಗೆ ಅದರ ಪೆಡಲ್ ತಲುಪುವುದಿಲ್ಲ.

ಹಾಗೆಂದು ಒಬ್ಬೊಬ್ಬರ ಜವಾಬ್ದಾರಿ ಸುಳ್ಳೇ? ಮೂರನೇ ಮಹಡಿಯವರು ಇದನ್ನು ಕೇಳಿದ್ದರೆ ಖುಷಿಯಿಂದ ಎರಡನೇ ಕಾರನ್ನೂ ಕೊಳ್ಳುತ್ತಿದ್ದರು, ಅಷ್ಟು ಸುಲಭಕ್ಕೆ ಬಿಡುವುದಿಲ್ಲ ನಾನು. ಭಾರತೀಯನೊಬ್ಬನ ಸರಾಸರಿ ವರ್ಷಕ್ಕೆ ಎರಡು ಟನ್ ಆಸುಪಾಸು ಕಾರ್ಬನ್ ಡೈಆಕ್ಸೈಡ್, ಅಮೆರಿಕದವನದು ಹದಿನಾಲ್ಕರ ಹತ್ತಿರ ಎಂದು ನಾವು ಬೀಗುತ್ತೇವೆ. ನಮ್ಮ ಎರಡು ಟನ್ನಿನ ಸರಾಸರಿಯ ನೆರಳಿನಲ್ಲಿ ಎಂಥೆಂಥವರು ಅಡಗಿದ್ದಾರೆ ಎಂದು ನೋಡಿಕೊಳ್ಳುವುದಿಲ್ಲ. ನಾನೂ ಅಲ್ಲೇ ಅಡಗಿದ್ದೇನೆ, ದೆಹಲಿಯ ಟಿಕೆಟ್ ಸಮೇತ. ಆದ್ದರಿಂದ ನನ್ನ ಪಾಲಿನ ಕೆಲಸವನ್ನು ನಾನು ಬೇರೆ ಕಡೆ ಹುಡುಕಿಕೊಂಡಿದ್ದೇನೆ: ಸೇತುವೆ ಎಲ್ಲಿ ಎಂದು ಕೇಳುವುದು. ವಾರ್ಡ್ ಸಭೆಗೆ ಹೋಗಿ ಕುಳಿತುಕೊಳ್ಳುವುದು, ಚರಂಡಿಯ ಬಾಯಿ ಎಲ್ಲೆಲ್ಲಿ ಕಟ್ಟಿದೆ ಎಂದು ಫೋಟೊ ಸಮೇತ ಬರೆದು ಕೊಡುವುದು, ಬಸ್ಸು ಹೆಚ್ಚಿಸಿ ಎಂದು ಸಹಿ ಸಂಗ್ರಹಿಸುವುದು. ಬೇಜಾರಿನ ಕೆಲಸ. ನೆನೆಯುವುದೇ ವಾಸಿ.

ಸೇತುವೆ ಕಟ್ಟುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 2006–07ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಆಗ ಯಾವ ಹುಡುಗಿಗೂ ಭೂಮಿ ಉಳಿಸು ಎಂದು ಉಪದೇಶ ಮಾಡಲಿಲ್ಲ. ಸೈಕಲ್ ಕೊಟ್ಟರು, ಅವರು ಸಾಲುಸಾಲಾಗಿ ಶಾಲೆಗೆ ತುಳಿದರು. ಕೋವಿಡ್ ಕಾಲಕ್ಕೆ ಆ ಯೋಜನೆ ನಿಂತಿತು. ಅದೇ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಉಳಿದದ್ದನ್ನು ಮೆಟ್ರೊ ಕಾಮಗಾರಿ ನುಂಗಿತು. ಪಥ ಮಾಡಿದರೂ ಸೈಕಲ್ ತುಳಿಯುವವರೇ ಇಲ್ಲ ಎಂದು ಆಮೇಲೆ ದೂರಿದವರುಂಟು.

ತುಳಿಯುವವರು ಇದ್ದಾರೆ. ಅವರು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವರ ತಲೆಯ ಮೇಲೆ ಹೆಲ್ಮೆಟ್ ಇಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕೃಷಿಯೇತರ ಕೆಲಸಕ್ಕೆ ಹೋಗುವವರಲ್ಲಿ ಶೇಕಡಾ 13ರಷ್ಟು ಮಂದಿಯ ವಾಹನ ಸೈಕಲ್. ಗಾರೆ ಕೆಲಸದವರು, ಪತ್ರಿಕೆ ಹಾಕುವವರು, ರಾತ್ರಿ ಪಾಳಿಯ ಸೆಕ್ಯುರಿಟಿಯವರು. ಭೂಮಿ ತಣ್ಣಗಾಗುತ್ತದೆಯೇ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ.

ಕಳೆದ ಅಕ್ಟೋಬರಿನ ಒಂದು ಸಂಜೆ ಡೇರಿ ಸರ್ಕಲ್ ಮೇಲ್ಸೇತುವೆಯ ಕೆಳಗೆ ಮಳೆ ಕಡಿಮೆಯಾಗಲೆಂದು ನಿಂತಿದ್ದೆ. ಪಕ್ಕದಲ್ಲಿ ಅಂಥವರೇ ಒಬ್ಬರು, ಸಮವಸ್ತ್ರದ ಮೇಲೆ ಗೊಬ್ಬರದ ಚೀಲ ಕತ್ತರಿಸಿ ಮಾಡಿದ ಕೊಪ್ಪೆ, ಹಳೆಯ ಡಬಲ್ ಬಾರ್ ಸೈಕಲ್. ನನ್ನ ಸೈಕಲ್ಲನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಕೇಳಿದರು: “ಮೇಡಂ, ನಿಮಗೆ ಗಾಡಿ ಇಲ್ಲವೇ?”

ಇದೆ, ಮನೆಯಲ್ಲಿದೆ ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನೂ ವಿವರಿಸಲಿಲ್ಲ, ಅಳಿಲು, ಸೇತುವೆ, ಶೇಕಡಾ 7, ಯಾವುದೂ ಬಾಯಿಗೆ ಬರಲಿಲ್ಲ. ತಮ್ಮದು ಚೀಟಿ ಹಣ ಬರುವುದಿದೆ, ಮುಂದಿನ ಮಳೆಗಾಲದೊಳಗೆ ಸೆಕೆಂಡ್‌ಹ್ಯಾಂಡ್ ಟಿವಿಎಸ್ ಒಂದನ್ನು ತೆಗೆದುಕೊಂಡು ಈ ತುಳಿತ ಮುಗಿಸುತ್ತೇನೆ ಎಂದರು. ಒಳ್ಳೆಯದಾಯಿತು, ತೆಗೆದುಕೊಳ್ಳಿ ಎಂದೆ. ಬೇರೇನು ಹೇಳಲಿ? ಮಳೆ ಸ್ವಲ್ಪ ಹೊಳವಾಯಿತು. ಹೊರಡುವ ಮುನ್ನ ಅವರು ಹ್ಯಾಂಡಲಿಗೆ ಸಿಕ್ಕಿಸಿಕೊಂಡಿದ್ದ ಇನ್ನೊಂದು ಪ್ಲಾಸ್ಟಿಕ್ ಕವರನ್ನು ಬಿಚ್ಚಿ ನನ್ನ ಕೈಗಿತ್ತು, “ಸೀಟಿಗೆ ಹಾಕಿಕೊಳ್ಳಿ, ಒದ್ದೆಯಾಗಿದೆ” ಎಂದು ಹೇಳಿ ಪೆಡಲ್ ಮೇಲೆ ಕಾಲಿಟ್ಟರು.