ಯುದ್ಧ ಏನಾಯ್ತು ಸ್ವಾಮಿ?

ನಿನ್ನೆ ರಾತ್ರಿ 'ನಿಯಾನ್ ಜೆನೆಸಿಸ್ ಇವಾಂಗೆಲಿಯನ್' ಅನ್ನೋ ಜಪಾನಿ ಅನಿಮೇಷನ್ ಧಾರಾವಾಹಿಯ ಕೊನೆಯ ಎರಡು ಕಂತು ಮತ್ತೆ ನೋಡಿದೆ. ಅಲ್ಲಿವರೆಗೂ ದೈತ್ಯರ ಕಾದಾಟ. ಆಮೇಲೆ ಇದ್ದಕ್ಕಿದ್ದ ಹಾಗೆ ಕತ್ತಲು, ಒಂದು ಮಡಚುವ ಕುರ್ಚಿ, ಅದರಲ್ಲಿ ಕಥಾನಾಯಕ, ಹುಡುಗ ಶಿಂಜಿ. ಕಡೆಗೆ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ 'ಅಭಿನಂದನೆ' ಅನ್ನುತ್ತಾರೆ. ಅಷ್ಟೇ, ಮುಗೀತು!

1996ರ ಮಾರ್ಚ್‌ನಲ್ಲಿ ಜಪಾನಿನ ಟಿವಿಯಲ್ಲಿ ಇದು ಬಂದಾಗ ಜನ ರೇಗಿಬಿಟ್ಟರು. ಇದೇ ಸರಿಯಾದ ಕೊನೆ ಅಂದವರೂ ಇದ್ದರು. ನಿರ್ದೇಶಕ ಹಿಡೇಯಾಕಿ ಆನ್ನೋ 1997ರಲ್ಲಿ ಸಿನಿಮಾ ಮಾಡಿ ಇನ್ನೊಂದು ಕೊನೆ ಕೊಟ್ಟರು. ಅದು ಇನ್ನೂ ಜಾಸ್ತಿ ಗೊಂದಲ, ಆ ಮಾತು ಬೇರೆ.

ಮೊದಲ ಸಲ ನಾನೂ ಬೈದುಕೊಂಡೇ ಲ್ಯಾಪ್‌ಟಾಪ್ ಮುಚ್ಚಿದ್ದೆ. ಈ ಸಲ ಒಂದು ದೃಶ್ಯ ಹಿಡಿದು ಕೂರಿಸಿತು. ಬಿಳಿ ಪರದೆ, ಏನೂ ಇಲ್ಲ. ಪೆನ್ಸಿಲ್ ಗೆರೆಯ ಶಿಂಜಿ ಸುಮ್ನೆ ತೇಲುತ್ತಿರುತ್ತಾನೆ. ಕೆಳಗೆ ಒಂದೇ ಒಂದು ಗೆರೆ ಎಳೆಯುತ್ತಾರೆ. ಅದೇ ನೆಲ. ನಿಲ್ಲೋಕೆ ಜಾಗ ಸಿಕ್ಕಿತು, ಆದರೆ ಬೇಕಾದ ಕಡೆ ತೇಲೋದು ಹೋಯ್ತು. ಸಂಬಳದ ಕೆಲಸಕ್ಕೆ ಸೇರಿದ ದಿನ ನೆನಪಾಯ್ತು, ಯಾಕೋ.

ಪಕ್ಕದಲ್ಲಿದ್ದ ತಮ್ಮನದು ಒಂದೇ ಪ್ರಶ್ನೆ: "ಸರಿ ಕಣೋ, ಗೆದ್ದಿದ್ದು ಯಾರು?"