ಸ್ಲ್ಯಾಬಿನ ಹೊಟ್ಟೆಯಲ್ಲಿ ಹಂಚು

"ಮಾಸ್ತರ್ರೇ, ಹಂಚು ಮಾಡಿಗೆ ಹೊದಿಸೂದು, ಕಾಂಕ್ರೀಟಲ್ಲಿ ಹುಗಿಯೂದಲ್ಲ" ಎಂದು ಗೌಂಡಿ ಬೀಡಿ ಹಚ್ಚಿದ. ಕುಮಟೆಯ ನಮ್ಮ ಹಿತ್ತಲಲ್ಲಿ ಆಯಿಗೊಂದು ಕೋಣೆ, ಅವತ್ತು ಅದರ ಸ್ಲ್ಯಾಬು. ಹಳೇ ಕೊಟ್ಟಿಗೆಯಿಂದ ಇಳಿಸಿದ ಮಂಗಳೂರು ಹಂಚಿನ ರಾಶಿ ಪಕ್ಕದಲ್ಲೇ ಇತ್ತು.

ಈ ಹುಚ್ಚು ನನಗೆ ಹತ್ತಿದ್ದು ತಿರುವನಂತಪುರದಲ್ಲಿ. ತಂಪಾನೂರಿನ ಇಂಡಿಯನ್ ಕಾಫಿ ಹೌಸಿನಲ್ಲಿ ನೆಲವೇ ಸುತ್ತುತ್ತ ಸುತ್ತುತ್ತ ಮೇಲೇರುತ್ತದೆ. ಗೋಡೆ ತುಂಬ ಇಟ್ಟಿಗೆ ಬಿಟ್ಟು ಮಾಡಿದ ಕಿಂಡಿಗಳು. ಕಾಫಿ ಸುಮಾರು, ಗಾಳಿ ಮಾತ್ರ ಭರ್ಜರಿ. ಕಟ್ಟಿದವರು ವಾಸ್ತುಶಿಲ್ಪಿ ಲಾರಿ ಬೇಕರ್. ಸ್ಲ್ಯಾಬಿನಲ್ಲಿ ಹಂಚು ಹುಗಿಯುವ ರೀತಿಯನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದು ಜನಪ್ರಿಯ ಮಾಡಿದವರೂ ಅವರೇ. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಚೀನಾದಲ್ಲಿದ್ದು ಊರಿಗೆ ಹೊರಟಾಗ, ಮುಂಬಯಿಯಲ್ಲಿ ಹಡಗು ಕಾಯುತ್ತ ಗಾಂಧೀಜಿಯನ್ನು ಕಂಡರು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟುವ ಕೆಲಸಕ್ಕೆ ತಿರುಗಿ ಬಂದವರು ಇಲ್ಲಿಯವರೇ ಆಗಿಬಿಟ್ಟರು. ಮನೆ ಕಟ್ಟುವ ಸಾಮಾನು ಐದು ಮೈಲಿಯೊಳಗೆ ಸಿಗುವಂಥದಿರಬೇಕೆಂಬ ಗಾಂಧಿ ಮಾತನ್ನು ಕೊನೆತನಕ ಬಿಡಲಿಲ್ಲ. ಹಿಮಾಲಯದ ಪಿತೋರಾಗಢದ ಗುಡ್ಡದಲ್ಲಿ ಹದಿನಾರು ವರ್ಷ ಇದ್ದಾಗ ಅಲ್ಲಿಯವರು ಕಲ್ಲು, ಮರ ಜೋಡಿಸುವುದನ್ನು ನೋಡಿಯೇ ಕಲಿತರಂತೆ.

ನಮ್ಮಲ್ಲಿ ಐದು ಮೈಲಿಯೊಳಗೆ ಬೇಕಾದಷ್ಟು ಚಿರೆಕಲ್ಲಿದೆ. ಅದಕ್ಕೆ ಪ್ಲಾಸ್ಟರ್ ಬಳಿದು, ಮೇಲೆ ಚಿರೆಕಲ್ಲಿನಂತೆ ಕಾಣುವ ಟೈಲ್ಸ್ ಅಂಟಿಸುವವರೂ ಇದ್ದಾರೆ. ಇರಲಿ.

ಮೊದಲು ಕೇಳಿದ ಎಂಜಿನಿಯರು ನಕ್ಕು ಕಳಿಸಿದ್ದರು. ಶಿರಸಿಯ ಇನ್ನೊಬ್ಬರು ಸರಳಿನ ಲೆಕ್ಕ ಬರೆದುಕೊಟ್ಟರು. ಅದನ್ನೇ ಹಿಡಿದು ಗೌಂಡಿಗೆ ವಿವರಿಸಿದೆ: ಸ್ಲ್ಯಾಬಿನ ಮೇಲ್ಭಾಗದ ಕಾಂಕ್ರೀಟು ಒತ್ತಡ ತಾಳುತ್ತದೆ, ಕೆಳಗಿನ ಎಳೆತ ತಾಳುವುದು ಕಬ್ಬಿಣ, ಸರಳುಗಳ ನಡುವೆ ಕೆಳಗಿರುವ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ.

"ಅಂದ್ರೆ ಅದು ಸುಮ್ನೆ ಕೂತು ಉಣ್ಣೂದು" ಎಂದ.

"ಹೌದು. ಅದನ್ನ ತೆಗೆದು ಅಲ್ಲಿ ಹಂಚು."

ಬೀಡಿ ಎಸೆದು, ಸ್ಲ್ಯಾಬಿಗೆ ಆನಿಕೆಯಾಗಿ ಕಟ್ಟಿದ ಸೆಂಟ್ರಿಂಗ್ ಹಲಗೆ ಹತ್ತಿದ. ಸರಳುಗಳ ಚೌಕದಲ್ಲಿ ಎರಡೆರಡು ಹಂಚು, ಒಂದರ ಮೇಲೊಂದು. ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಲಿನ ಝಳ ತಡೆಯುತ್ತದೆ. ಎರಡು ಸಾಲು ಇಟ್ಟವ ಯಾಕೋ ಒಂದು ಹಂಚಿನ ಮೇಲೆ ಚೊಂಬಿನ ನೀರು ಹೊಯ್ದ. ಸೊಂಯ್ ಎಂದಿತು. ಕ್ಷಣದಲ್ಲಿ ಎಲ್ಲ ನೀರು ಒಳಗೆ.

"ಮಿಕ್ಸರ್ ನಿಲ್ಸಿ! ಈ ಒಣಹಂಚು ಕಾಂಕ್ರೀಟಿನ ನೀರನ್ನೆಲ್ಲ ಕುಡೀತದೆ."

ನನಗೆ ಹೊಳೆದೇ ಇರಲಿಲ್ಲ. ಇಟ್ಟದ್ದನ್ನೆಲ್ಲ ಎಬ್ಬಿಸಿ, ಇಡೀ ರಾಶಿಯನ್ನು ತೋಟದ ಹೊಂಡಕ್ಕೆ ಹೊತ್ತು, ಗುಳ್ಳೆ ನಿಲ್ಲುವ ತನಕ ಮುಳುಗಿಸಿಟ್ಟೆವು. ಮಿಕ್ಸರಿನವನ ಬೈಗುಳ ನನಗೇ ಬಂತು, ನ್ಯಾಯವೇ. ನಡುವೆ ಒಬ್ಬ ಹುಡುಗ ಕಾಲಿಟ್ಟು ನಾಲ್ಕು ಹಂಚು ಒಡೆದ. ಕೆಲಸ ಮುಗಿಯುವಾಗ ದೀಪ ಹಚ್ಚುವ ಹೊತ್ತು.

ಮೂರು ವಾರ ಕಳೆದು ಸೆಂಟ್ರಿಂಗ್ ಬಿಚ್ಚಿದಾಗ ಬೂದುಬಣ್ಣದ ಪಟ್ಟಿಗಳ ನಡುವೆ ಕೆಂಪು ಚೌಕಗಳು ಕಂಡವು. ಕೆಲವದರಲ್ಲಿ ಬಾಸೆಲ್ ಮಿಷನ್ ಎಂಬ ಉಬ್ಬಕ್ಷರ, 1865 ಎಂಬ ಅಂಕಿ. ಅದು ಮಂಗಳೂರಲ್ಲಿ ಆ ಕಾರ್ಖಾನೆ ಶುರುವಾದ ವರ್ಷ. ಪ್ಲಾಸ್ಟರ್ ಬೇಡವೆಂದೆ.

ಮೊದಲ ಮಧ್ಯಾಹ್ನ ಆಯಿ ಮಂಚದಲ್ಲಿ ಅಂಗಾತ ಮಲಗಿ ಬಹಳ ಹೊತ್ತು ಮೇಲೆ ನೋಡಿದಳು.

"ತಮಾ, ಆ ಮೂಲೇದು ತಲೆಕೆಳಗಾಯ್ದಲೋ."

ಹೊಸಿಲ ಕೆಲಸಕ್ಕೆ ಬಂದಿದ್ದ ಗೌಂಡಿ ಬಾಗಿಲಲ್ಲಿ ಇಣುಕಿದ. "ಅಮ್ಮಾ, ಮಂಚ ತಿರುಗಿಸಿ ಹಾಕಿದ್ರೆ ಸರಿಯಾಗ್ತದೆ."